ಕೊಕ್ಕರೆಯ ಕಾಲಿನ ಗಾಯ

ಪರೀಕ್ಷೆಯ ಕೊನೆಯ ಪ್ರಶ್ನೆಯನ್ನು ಹಾಗೇ ಬಿಟ್ಟು ಅವಳು ಎದ್ದು ಬಂದಳು. ಬೇರೆ ಯಾರಾದರೂ ಆಗಿದ್ದರೆ ಇದರಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಆದರೆ ಇವಳು ಗಂಟೆ ಹೊಡೆದ ಮೇಲೂ ಪೆನ್ನು ಕೆಳಗಿಡದವಳು. ಬರೆದದ್ದನ್ನು ಹೊಡೆದು ಹಾಕಿ, ಹೊಡೆದು ಹಾಕಿದ್ದೇ ಸರಿಯಿತ್ತೇನೋ ಎಂದು ಮತ್ತೆ ಅದನ್ನೇ ಬರೆಯುವವಳು. ಸಂಜೆ ಕಾಲೇಜಿನ ಮೇಲ್ವಿಚಾರಕರು ಪ್ರತಿ ಸಲವೂ ಅವಳ ಕೈಯಿಂದ ಹಾಳೆ ಕಿತ್ತುಕೊಳ್ಳಬೇಕಾಗಿತ್ತು. ಇವತ್ತು ತಾನಾಗಿಯೇ ತಂದುಕೊಟ್ಟಾಗ ಅವರು ಗಾಬರಿಯಾಗಿ, "ಹುಷಾರಿಲ್ವೇನಮ್ಮಾ?" ಎಂದು ಕೇಳಿದರು.

"ಹಾಗೇನಿಲ್ಲ ಸಾರ್, ಕೊಕ್ಕರೆ ನೋಡೋಕೆ ಹೋಗ್ಬೇಕು," ಅಂದುಬಿಟ್ಟಳು. ಮೆಟ್ಟಿಲಿಳಿಯುವಾಗ ಹಾಗೆ ಅನ್ನಬಾರದಿತ್ತು ಅನ್ನಿಸಿತು. ವಾಪಸ್ಸು ಹೋಗಿ ವಿವರಿಸಿ ಬರೋಣವೇ ಎಂದು ಅರೆಕ್ಷಣ ನಿಂತೂ ನಿಂತಳು.

ಕೊಕ್ಕರೆ ಎಂದರೆ ಬೆಳ್ಳಿ ನಾಣ್ಯದ ಮೇಲಿನ ಕೊಕ್ಕರೆ. ಈಗ ಭೂಪಟದಲ್ಲಿ ಆ ಹೆಸರೇ ಇಲ್ಲದ ಯಾವುದೋ ದ್ವೀಪದವರು ಒಂದು ಕಾಲದಲ್ಲಿ ಒಂಬತ್ತು ಹಕ್ಕಿಗಳ ನಾಣ್ಯ ಮಾಡಿಸಿದ್ದರು. ಒಂದು ಮುಖಕ್ಕೆ ರಾಣಿ, ಇನ್ನೊಂದು ಮುಖಕ್ಕೆ ಹಕ್ಕಿ. ಎಂಟು ಹಕ್ಕಿಗಳು ಹುಡುಕಿದರೆ ಸಿಗುತ್ತವೆ. ಒಂಬತ್ತನೆಯದು, ಒಂಟಿ ಕಾಲಲ್ಲಿ ನಿಂತ ಕೊಕ್ಕರೆ, ಹುಡುಕುವವರ ಕೂದಲು ಬೆಳ್ಳಗಾದರೂ ಸಿಗುವುದಿಲ್ಲ. ಅಂಥ ಒಂದು ಕೊಕ್ಕರೆ ಅವಳ ಕೈಚೀಲದಲ್ಲಿತ್ತು, ಬಟ್ಟೆಯ ಪುಟ್ಟ ಸಂಚಿಯೊಳಗೆ. ಎರಡನೆಯದು ಈಗ ಮೇಷ್ಟ್ರಿಗೆ ಸಿಕ್ಕಿದೆಯಂತೆ. ಅಕ್ಕ ತಂಗಿಯರನ್ನು ಪಕ್ಕಪಕ್ಕ ಕೂರಿಸಿ ನೋಡುವ ಆಸೆಗೆ ಪರೀಕ್ಷೆಯ ಒಂದು ಪ್ರಶ್ನೆ ಯಾವ ಲೆಕ್ಕ?

ಮೇಷ್ಟ್ರು ಎಂದರೆ ನಿವೃತ್ತ ಭೂಗೋಳದ ಮೇಷ್ಟ್ರು. ಬೇಕರಿಯ ಮೇಲಿನ ಕೋಣೆಯಲ್ಲಿ ಪ್ರತಿ ಶನಿವಾರ ಸೇರುವ ನಾಣ್ಯದವರ ಗುಂಪು ಕಟ್ಟಿದವರೂ ಅವರೇ, ಅದಕ್ಕೆ ನಿಯಮ ಮಾಡಿದವರೂ ಅವರೇ. ಮೈದಾ ಮೂಟೆಗಳ ನಡುವೆ ಒಂದು ಉದ್ದ ಮೇಜು, ನಾಣ್ಯಕ್ಕೆ ಪೆಟ್ಟಾಗದಂತೆ ಅದರ ಮೇಲೆ ಹಳೆಯ ಕಂಬಳಿ, ಕೆಳಗಿನ ಒಲೆಯಿಂದ ಏರಿ ಬರುವ ಬ್ರೆಡ್ಡಿನ ವಾಸನೆ. ಯಾರು ನಾಣ್ಯ ತಂದರೂ ಅದು ಕೈಯಿಂದ ಕೈಗೆ ಸುತ್ತು ಬರಬೇಕು. ಎಲ್ಲರೂ ನೋಡಿ ಮುಗಿಸುವ ತನಕ ಯಾರೂ ತುಟಿ ಪಿಟಕ್ ಅನ್ನಬಾರದು. ಆಮೇಲೆ ಗುಂಪಿಗೆ ಕೊನೆಗೆ ಸೇರಿದವರು ಮೊದಲು ಮಾತಾಡಬೇಕು, ಎಲ್ಲರಿಗಿಂತ ಹಿರಿಯರು ಕೊನೆಗೆ. "ಹಿರಿಯರು ಮೊದಲೇ ಬಾಯಿ ಬಿಟ್ಟರೆ ಕಿರಿಯರು ಕಣ್ಣು ಮುಚ್ಚಿಕೊಳ್ತಾರೆ," ಅನ್ನುತ್ತಿದ್ದರು ಮೇಷ್ಟ್ರು. ಇನ್ನೊಂದು ನಿಯಮ: ಮಾತು ನಾಣ್ಯದ ಬಗ್ಗೆ ಮಾತ್ರ, ತಂದವರ ಬಗ್ಗೆ ಅಲ್ಲ.

ಮೇಷ್ಟ್ರು, ಬೇಕರಿಯವನು, ಹಲ್ಲಿನ ಡಾಕ್ಟರು ಇದ್ದ ಆ ಗುಂಪಿಗೆ ಕೊನೆಗೆ ಸೇರಿದವಳು ಇವಳೇ. ಹಾಗಾಗಿ ಪ್ರತಿ ಸಲ ಮೊದಲ ಮಾತು ಇವಳದು, ಪ್ರತಿ ಸಲ ಎದೆಯೊಳಗೆ ಢವಢವ. "ಅಸಲಿ... ಅನ್ಸುತ್ತೆ," ಅನ್ನುವಳು. "ಅಂಚು ಸ್ವಲ್ಪ ಉಜ್ಜಿದ ಹಾಗಿದೆ... ಅನ್ಸುತ್ತೆ. ನನಗೆ ಗೊತ್ತಾಗದೇ ಇರಬಹುದು." ಬೇಕರಿಯವನು ಅವಳಿಗೆ ಡೌಟಮ್ಮ ಎಂದು ಹೆಸರಿಟ್ಟ. ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೂ ಆ ಹೆಸರು ಹೇಗೋ ತಲುಪಿ, ಈಗ ಗಿರಾಕಿಗಳೂ ಹಾಗೇ ಕರೆಯುತ್ತಾರೆ. ಅವಳಿಗೆ ಬೇಜಾರಿಲ್ಲ. ಇದ್ದದ್ದು ಇದ್ದ ಹಾಗೆ ಅಂದರೆ ಎದ್ದು ಬಂದು ಎದೆಗೆ ಒದೆಯುವ ಸ್ವಭಾವ ಅವಳದಲ್ಲ.

ಕಲಿಸಿದ್ದೆಲ್ಲ ಮೇಷ್ಟ್ರೇ. ಅಚ್ಚು ಒತ್ತಿದ ನಾಣ್ಯದ ಅಕ್ಷರ ಚೂಪಾಗಿರುತ್ತದೆ, ಎರಕ ಹೊಯ್ದದ್ದು ನೆನೆದ ಸೋಪಿನ ಹಾಗೆ ಮೊಂಡಾಗಿರುತ್ತದೆ. ಅಚ್ಚಿನಲ್ಲೇ ಬಿರುಕಿದ್ದರೆ ನಾಣ್ಯದ ಮೇಲೆ ಅದು ಉಬ್ಬಿ ಕಾಣುತ್ತದೆ, ಬಾಳಿನಲ್ಲಿ ತಿಂದ ಪೆಟ್ಟು ತಗ್ಗಾಗಿ ಉಳಿಯುತ್ತದೆ. ಆ ಪೆಟ್ಟಿನ ಮೇಲೆ ಉಗುರು ಎಳೆದು ನೋಡು ಮಗಳೇ, ಅನ್ನುತ್ತಿದ್ದರು. ನಿಜವಾದ ಗಾಯಕ್ಕೆ ಅಂಚಿರುತ್ತದೆ, ಉಗುರು ಸಿಕ್ಕಿಕೊಳ್ಳುತ್ತದೆ. ನಕಲಿಯ ಗಾಯ ಹುಟ್ಟಿನಿಂದಲೇ ಬಂದ ಮಚ್ಚೆ, ಉಗುರು ಜಾರಿ ಹೋಗುತ್ತದೆ. ಒಂದೇ ಪೆಟ್ಟು ಎರಡು ನಾಣ್ಯದ ಮೇಲೆ ಕಂಡರೆ ತಿಳಿದುಕೋ, ಒಂದರ ಹೊಟ್ಟೆಯಿಂದ ಇನ್ನೊಂದು ಹುಟ್ಟಿದೆ.

ಅವಳ ಕೊಕ್ಕರೆಯ ಕಾಲ ಮೇಲೂ ಒಂದು ಗಾಯವಿತ್ತು. ಅಪ್ಪ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರು. ಯಾವುದೋ ಬಂದರಿನಲ್ಲಿ ಸಿಕ್ಕ ನಾಣ್ಯವನ್ನು ತಂದು ಅಮ್ಮನ ಕೈಯಲ್ಲಿಟ್ಟು, "ಇದಕ್ಕೆ ಏನೂ ಸಿಗಲ್ಲ, ಚೆನ್ನಾಗಿದೆ ಇಟ್ಕೋ," ಅಂದಿದ್ದರಂತೆ. ಅದು ಅವರ ಕೊನೆಯ ಪ್ರಯಾಣದ ಹಿಂದಿನ ಸಲ. ಅಮ್ಮ ಅದನ್ನು ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟಳು. ಯಂತ್ರದ ದೊಡ್ಡ ತಿರುಪು ಸಡಿಲವಾದಾಗಲೆಲ್ಲ ಅದರ ಸೀಳಿಗೆ ಆ ನಾಣ್ಯವನ್ನೇ ಕೂರಿಸಿ ಬಿಗಿ ಮಾಡುವಳು. ಒಮ್ಮೆ ಕೈ ಜಾರಿ ಯಂತ್ರದ ಕಬ್ಬಿಣ ತಾಗಿ, ಕೊಕ್ಕರೆಯ ಕಾಲಿನ ಮೇಲೆ ಅರ್ಧ ಚಂದ್ರದಂಥ ಗೀರು ಬಿತ್ತು. "ಪಾಪ, ಇದ್ದದ್ದೇ ಒಂದು ಕಾಲು!" ಎಂದು ಅಮ್ಮ ನಕ್ಕಿದ್ದು, ಪಕ್ಕದಲ್ಲಿ ಗುಂಡಿ ಪೋಣಿಸುತ್ತ ಕೂತಿದ್ದ ಇವಳಿಗೆ ಚೆನ್ನಾಗಿ ನೆನಪಿದೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ನಿದ್ದೆ ಬರುವ ತನಕ ಆ ಗೀರಿನ ಮೇಲೆ ಉಗುರು ಆಡಿಸುತ್ತ ಮಲಗುತ್ತಿದ್ದಳು.

ಹೋದ ವರ್ಷ ಪ್ರದರ್ಶನದ ಕರಪತ್ರಕ್ಕೆ ಫೋಟೋ ತೆಗೆಸಬೇಕು ಎಂದು ಮೇಷ್ಟ್ರು ಆ ನಾಣ್ಯ ಕೇಳಿದರು. ಕೊಟ್ಟಳು. ಅವರು ಕೇಳಿದ್ದೇ ಅವಳಿಗೊಂದು ಹೆಮ್ಮೆ. ಕೆಲವು ವಾರದ ಮೇಲೆ ಅದೇ ಸಂಚಿಯಲ್ಲಿ ವಾಪಸ್ಸು ಬಂತು. ಆ ರಾತ್ರಿ ಹಳೆಯ ಅಭ್ಯಾಸದಂತೆ ಉಗುರು ಆಡಿಸಿದಳು. ಉಗುರು ಜಾರಿತು. ಮತ್ತೆ ಎಳೆದಳು. ಮತ್ತೆ ಜಾರಿತು.

ಮುಂದಿನ ಶನಿವಾರ ಎಲ್ಲರೂ ಹೋಗುವ ತನಕ ಕಾದು, ನೆಲ ನೋಡುತ್ತ ಕೇಳಿದಳು: "ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಇದು... ಅದೇನಾ?"

ಮೇಷ್ಟ್ರು ನಕ್ಕರು. ಗದರಿದ್ದರೆ ಚೆನ್ನಾಗಿತ್ತು. ನಕ್ಕು, ಅವಳ ತಲೆಯ ಮೇಲೆ ಕೈಯಿಟ್ಟು, "ಅನುಮಾನದ ಕಣ್ಣಿಗೆ ಅಸಲಿಯೂ ನಕಲಿಯೇ ಕಣಮ್ಮ. ನಿನ್ನ ಕಣ್ಣು ನಿನಗೇ ಗೊತ್ತಲ್ಲ," ಅಂದರು. ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಪ್ಪನಂಥವರನ್ನು ಏನು ಕೇಳಿಬಿಟ್ಟೆ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಅಂಗಡಿಯಲ್ಲಿ ದಿನವಿಡೀ ಗಾಜು ಒರೆಸಿ ಉಗುರು ಸವೆದಿರಬೇಕು. ಅಮ್ಮ ಒಂದು ದಿನ, "ಇದು ತಿರುಪಿಗೆ ಸರಿಯಾಗಿ ಕೂರ್ತಿಲ್ಲ ಕಣೇ, ಮೊದಲು ಕೂರ್ತಿತ್ತು," ಅಂದಾಗ, "ತಿರುಪೇ ಸವೆದಿದೆ ಬಿಡಮ್ಮ," ಎಂದು ಅವಳೇ ಸಮಾಧಾನ ಹೇಳಿದಳು. ಭೂತಗನ್ನಡಿ ಹಿಡಿದು ಅಕ್ಷರ ನೋಡಬಹುದಿತ್ತು. ನೋಡಲಿಲ್ಲ. ಸಂಚಿಯ ದಾರ ಬಿಗಿಯಾಗಿ ಕಟ್ಟಿಟ್ಟಳು. ಕೆಲವು ಬಾಗಿಲು ತೆಗೆದರೆ ಮತ್ತೆ ಮುಚ್ಚಲು ಬರುವುದಿಲ್ಲ.

ಬೇಕರಿಯ ಮೆಟ್ಟಿಲು ಹತ್ತುವಾಗ ಅವಳಿಗೆ ಇದಾವುದೂ ನೆನಪಿರಲಿಲ್ಲ. ಇವತ್ತು ಮೇಷ್ಟ್ರ ದಿನ. ಅವರ ಹಕ್ಕಿಗಳ ತಟ್ಟೆ, ಮಖಮಲ್ಲು ಹಾಸಿ ಒಂಬತ್ತು ಗುಳಿ ಕೊರೆದ ಮರದ ತಟ್ಟೆ, ಅವರ ಹೆಸರಿನಲ್ಲಿ ಊರಿನ ಗ್ರಂಥಾಲಯ ಸೇರುವ ದಿನ. ಒಂಬತ್ತನೆಯ ಗುಳಿ ಖಾಲಿ ಇದ್ದದ್ದನ್ನು ಗುಂಪಿನಲ್ಲಿ ನೋಡದವರಿಲ್ಲ. ಮಾತಿನ ನಡುವೆ ಮೇಷ್ಟ್ರ ಹೆಬ್ಬೆರಳು ಹೋಗಿ ಅದರಲ್ಲಿ ಕೂರುತ್ತಿತ್ತು, ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದ ಹಾಗೆ. ಈಗ ಅದು ತುಂಬಿದೆ. "ನಿನಗೆ ಪರೀಕ್ಷೆ ಇದೆಯಲ್ಲ, ಅದನ್ನ ನೋಡ್ಕೋ. ಕೊಕ್ಕರೆ ಎಲ್ಲಿಗೆ ಹಾರಿ ಹೋಗುತ್ತೆ? ಆಮೇಲೆ ಗ್ರಂಥಾಲಯದಲ್ಲೇ ನೋಡುವೆಯಂತೆ," ಎಂದು ಮೇಷ್ಟ್ರು ಎರಡೆರಡು ಸಲ ಹೇಳಿದ್ದರು. ಎಷ್ಟು ಕಾಳಜಿ, ಅಂದುಕೊಂಡಿದ್ದಳು.

ಒಳಗೆ ಬೇಕರಿಯವನ ದನಿ ಕೇಳುತ್ತಿತ್ತು. "ಎಂಟು ಹಕ್ಕಿ ಸುತ್ತು ಬಂದವು, ಒಂಬತ್ತನೆಯದಕ್ಕೆ ಮಾತ್ರ ಯಾಕೆ ರಿಯಾಯಿತಿ ಮೇಷ್ಟ್ರೇ?"

"ಅದನ್ನ ನಾನೇ ಪರೀಕ್ಷೆ ಮಾಡಿದ್ದೀನಪ್ಪ. ಮೇಡಂಗೆ ಹೊತ್ತಾಗುತ್ತೆ."

"ನನಗೇನೂ ಅವಸರವಿಲ್ಲ," ಅಂದರು ತಟ್ಟೆ ಒಯ್ಯಲು ಬಂದಿದ್ದ ಗ್ರಂಥಾಲಯದ ಮೇಡಂ. "ಒಂಬತ್ತನ್ನೂ ಗುಂಪು ನೋಡಿ ಒಪ್ಪಿದೆ ಅಂತಾದರೆ ನನಗೂ ಧೈರ್ಯ."

ಆಗ ಇವಳು ಬಾಗಿಲಲ್ಲಿ ನಿಂತಳು. ಮೇಷ್ಟ್ರು ತಲೆಯೆತ್ತಿ ನೋಡಿದರು. ಅವರ ಕೈ ತಟ್ಟೆಯ ಮುಚ್ಚಳದ ಮೇಲೆ ಹಾಗೇ ನಿಂತಿತು.

"ನಿನ್ನ ಪರೀಕ್ಷೆ?"

"ಒಂದು ಪ್ರಶ್ನೆ ಬಿಟ್ಟು ಬಂದೆ ಮೇಷ್ಟ್ರೇ. ನಿಮ್ಮ ಕೊಕ್ಕರೆ ನೋಡೋಕೆ."

"ಅಯ್ಯೋ ಶಿವನೇ! ಡೌಟಮ್ಮ ಪ್ರಶ್ನೆ ಬಿಟ್ಟಳಂತೆ!" ಬೇಕರಿಯವನು ಎದೆ ಹಿಡಿದುಕೊಂಡ. "ಇನ್ನು ಸುತ್ತು ಆಗಲೇಬೇಕು. ಡೌಟಮ್ಮನ ಬಾಯಿ ಮೊದಲು, ಆಮೇಲೆ ಹಲ್ಲಿನ ಡಾಕ್ಟರು, ಆಮೇಲೆ ನಾನು, ಕೊನೆಗೆ ನೀವು. ನೀವೇ ಮಾಡಿದ ನಿಯಮ, ನಿಮಗೇ ಬೇಡವಾ?"

ತಟ್ಟೆಯಲ್ಲಿ ಎಂಟು ಹಕ್ಕಿಗಳು ಮುಖ ಮೇಲೆ ಮಾಡಿ ಮಲಗಿದ್ದವು. ಒಂಬತ್ತನೆಯ ಗುಳಿಯಲ್ಲಿ ಮಾತ್ರ ರಾಣಿ ಮೇಲಿದ್ದಳು. ಬೇಕರಿಯವನು ಅದನ್ನು ಅಂಚು ಹಿಡಿದು ಎತ್ತಿ ಅವಳ ಅಂಗೈಯಲ್ಲಿಟ್ಟ. ಅವಳು ಖುಷಿಯಿಂದ, ಮಗುವಿನ ಮುಸುಕು ಸರಿಸುವವಳ ಹಾಗೆ, ಅದನ್ನು ಮಗುಚಿದಳು.

ಕೊಕ್ಕರೆಯ ಕಾಲಿನ ಮೇಲೆ ಅರ್ಧ ಚಂದ್ರವಿತ್ತು.

ಮೊದಲು ಬಂದದ್ದು ಹಳೆಯ ಯೋಚನೆಯೇ: ನನ್ನದೇ ತಪ್ಪಿರಬೇಕು. ಎಲ್ಲ ಕೊಕ್ಕರೆಗಳಿಗೂ ಈ ಗುರುತು ಇರಬಹುದು, ಅಚ್ಚಿನದೇ ಬಿರುಕಿರಬಹುದು. ಆದರೆ ಅಚ್ಚಿನ ಬಿರುಕು ಉಬ್ಬಿರುತ್ತದೆ. ಇದು ತಗ್ಗಾಗಿತ್ತು. ಕಣ್ಣು ಬೇಡ, ಕಣ್ಣನ್ನು ನಂಬುವಂತಿಲ್ಲ. ಉಗುರು ಎಳೆದಳು. ಉಗುರು ಸಿಕ್ಕಿಕೊಂಡಿತು. ಹೊಲಿಗೆ ಯಂತ್ರದ ಎಣ್ಣೆಯ ವಾಸನೆ, ಗುಂಡಿಗಳ ಡಬ್ಬಿ, ಅಮ್ಮನ ನಗು ಎಲ್ಲವೂ ಆ ಗೀರಿನ ಅಂಚಿನಲ್ಲಿ ಕಾದು ಕೂತಿದ್ದಂತೆ ಒಮ್ಮೆಲೇ ಬಂದವು.

ತಲೆಯೆತ್ತಿದಳು. ಮೇಷ್ಟ್ರು ಅವಳನ್ನಲ್ಲ, ಖಾಲಿ ಗುಳಿಯನ್ನು ನೋಡುತ್ತಿದ್ದರು. "ಅವಸರ ಮಾಡಬೇಡ ಕಣಮ್ಮ," ಅಂದರು ಮೆಲ್ಲಗೆ. "ನಿನ್ನ ಕಣ್ಣು ನಿನಗೇ ಗೊತ್ತಲ್ಲ."

ಅದೇ ದನಿ. ಇಷ್ಟು ವರ್ಷ ತಲೆ ಸವರಿದ, ಬೆನ್ನು ತಟ್ಟಿದ ದನಿ. ಅದು ಯಾತಕ್ಕೆ ಬೇಕಾಗಿತ್ತು ಎಂಬುದು ಈಗ ಗೊತ್ತಾಯಿತು. ನಾಣ್ಯವೊಂದನ್ನೇ ತೆಗೆದುಕೊಂಡಿದ್ದರೆ ಅದು ಕಳ್ಳತನ ಅಷ್ಟೇ. ಇವರು ಮೊದಲು ಅವಳ ಕಣ್ಣು ತೆಗೆದುಕೊಂಡು, ಆಮೇಲೆ ನಾಣ್ಯಕ್ಕೆ ಕೈ ಹಾಕಿದ್ದರು.

ಅವಳು ಕೈಚೀಲ ತೆರೆದಳು. ಸಂಚಿಯ ದಾರದ ಗಂಟು ಬೆರಳಿಗೆ ಬಿಚ್ಚಿಕೊಳ್ಳಲಿಲ್ಲ. ಅಷ್ಟು ಬಿಗಿಯಾಗಿ ತಾನೇ ಹಾಕಿದ್ದಳು. ಹಲ್ಲಿನಿಂದ ಬಿಚ್ಚಿದಳು. ತನ್ನ ಕೊಕ್ಕರೆಯನ್ನು ಆ ಕೊಕ್ಕರೆಯ ಪಕ್ಕ ಕಂಬಳಿಯ ಮೇಲಿಟ್ಟಳು. "ಎರಡೂ ಸುತ್ತು ಬರಲಿ," ಅಂದಳು.

ನಾಣ್ಯಗಳು ಕೈಯಿಂದ ಕೈಗೆ ಹೋದವು. ನಿಯಮದಂತೆ ಯಾರೂ ಮಾತಾಡಲಿಲ್ಲ. ಹಲ್ಲಿನ ಡಾಕ್ಟರು ಏನೋ ಹೇಳಲು ಬಾಯಿ ತೆರೆದು, ಬೇಕರಿಯವನ ಕಣ್ಸನ್ನೆಗೆ ಮುಚ್ಚಿದರು. ಮೇಷ್ಟ್ರು ಎರಡನ್ನೂ ಒಂದೇ ಅಂಗೈಯಲ್ಲಿ ಹಿಡಿದು, ನೋಡದೆಯೇ ಕೆಳಗಿಟ್ಟರು. ಎಲ್ಲರೂ ಅವಳ ಕಡೆ ತಿರುಗಿದರು.

"ತಟ್ಟೆಯಿಂದ ತೆಗೆದದ್ದು ಅಸಲಿ," ಅಂದಳು. "ನಾನು ತಂದದ್ದು ನಕಲಿ."

'ಅನ್ಸುತ್ತೆ' ಬರುತ್ತದೆ ಎಂದು ಬೇಕರಿಯವನು ಕಾಯುತ್ತಲೇ ಇದ್ದ. ಬರಲಿಲ್ಲ.

ಹಲ್ಲಿನ ಡಾಕ್ಟರಿಗೆ ಇನ್ನು ತಡೆಯಲಾಗಲಿಲ್ಲ. ಅವರು ಒಳ್ಳೆಯ ಮನುಷ್ಯ, ಮಾತು ಜಾಸ್ತಿ, ಕಪಟ ಗೊತ್ತಿಲ್ಲ. "ನಕಲಿ ಅಂತ ಸಾಕ್ಷಿ ಬೇರೆ ಬೇಕಾ? ಮಾಡಿದೋನೇ ನಾನು! ಹಲ್ಲಿಗೆ ಹಾಕೋ ಬೆಳ್ಳಿ ಮಿಶ್ರದಲ್ಲಿ ಎರಕ ಹೊಯ್ದದ್ದು. ಪ್ರದರ್ಶನದ ಗಾಜಿನ ಪೆಟ್ಟಿಗೆಗೆ ನಕಲು ಸಾಕು, ಅಸಲು ಮನೇಲಿ ಭದ್ರವಾಗಿರಲಿ ಅಂತ ಮೇಷ್ಟ್ರು ಕೇಳಿದ್ರು. ಕೊಕ್ಕರೆಗೆ ಹಲ್ಲು ಕಟ್ಟಿದ ಮೊದಲ ಡಾಕ್ಟರು ನಾನೇ ಅಂತ ಜೋಕ್ ಬೇರೆ ಮಾಡಿದ್ದೆ, ಅಲ್ವಾ ಮೇಷ್ಟ್ರೇ?" ಅನ್ನುತ್ತ ನಾಣ್ಯದ ಅಂಚನ್ನು ತಿರುಗಿಸಿ ತಿರುಗಿಸಿ ನೋಡಿದರು. ನಗು ನಿಧಾನವಾಗಿ ಇಳಿಯಿತು. "ಯಾರೂ ಮೋಸ ಹೋಗ್ಬಾರ್ದು ಅಂತ ಅಂಚಲ್ಲಿ ಒಂದು ಚುಕ್ಕೆ ಕೊರೆದಿದ್ದೆ. ಇಲ್ಲೇ ಇತ್ತು... ಯಾರೋ ಅರ ಹಾಕಿ ಉಜ್ಜಿದ್ದಾರಲ್ಲ."

ಕೆಳಗೆ ಯಾರೋ ಒಲೆಯ ಬಾಗಿಲು ಹಾಕಿದ ಸದ್ದು ಬಂತು.

ಸರದಿ ಬೇಕರಿಯವನದು. ಸದಾ ಬಾಯಿ ಬಡಿದುಕೊಳ್ಳುವವನು ಈಗ ಮೈದಾ ಮೆತ್ತಿದ ಕೈಗಳನ್ನು ನೋಡಿಕೊಂಡ. "ತಟ್ಟೆಯದು ಅಸಲಿ. ಇನ್ನೊಂದು ನಕಲಿ." ಆಮೇಲೆ ತಡೆಯಲಾರದೆ, "ಬೇಲಿಯೇ ಎದ್ದು..." ಎಂದು ಶುರು ಮಾಡಿದ.

"ನಾಣ್ಯದ ಬಗ್ಗೆ ಮಾತ್ರ," ಅಂದಳು ಅವಳು.

ಉಳಿದವರು ಮೇಷ್ಟ್ರು. ಅವರ ಮುಂದೆ ಸುಲಭದ ದಾರಿಯೊಂದಿತ್ತು, ಅದು ಅವಳಿಗೂ ಗೊತ್ತಿತ್ತು. ಒಂದೇ ಗಾಯ ಎರಡರ ಮೇಲಿದೆ, ಎರಡೂ ನಕಲಿ ಅಂದುಬಿಟ್ಟರೆ ಸಾಕು. ಅವರ ಮಾತಿಗೆ ಎದುರಾಡಿದವರು ಆ ಮೇಜಿನ ಸುತ್ತ ಯಾರೂ ಇರಲಿಲ್ಲ. ಹಾಗೆ ಅಂದುಬಿಟ್ಟರೆ ತಾನು ನಂಬಿಬಿಡುತ್ತೇನೇನೋ ಎಂಬ ಭಯಕ್ಕೆ ಅವಳು ಕಂಬಳಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮೇಷ್ಟ್ರು ಅಸಲಿಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಮುಖದಲ್ಲಿ ನಾಚಿಕೆಯಿತ್ತೋ ಇಲ್ಲವೋ, ಆಸೆಯಂತೂ ಇತ್ತು. "ಇವಳು ಹೇಳಿದ್ದು ಸರಿ," ಅಂದರು ಕೊನೆಗೆ. ಆಮೇಲೆ ಗ್ರಂಥಾಲಯದ ಮೇಡಂ ಕಡೆ ತಿರುಗಿ, ಹೊಸ ಶಿಷ್ಯೆಯನ್ನು ಪರಿಚಯಿಸುವವರ ಹಾಗೆ, "ನಾನೇ ಕಲಿಸಿದ ಕಣ್ಣು," ಅಂದರು.

ಅವಳಿಗೆ ಚುಚ್ಚಿದ್ದು ಅದು. ಈ ಹೊತ್ತಿನಲ್ಲೂ ಅದು ಅವರದೇ!

ಅವಳು ಅವರ ಬೆರಳುಗಳ ನಡುವಿನಿಂದ ತನ್ನ ಕೊಕ್ಕರೆಯನ್ನು ಬಿಡಿಸಿಕೊಂಡಳು. ಅವರು ತಡೆಯಲಿಲ್ಲ, ಆದರೆ ಬಿಡುವುದಕ್ಕೆ ಕೊಂಚ ತಡ ಮಾಡಿದರು. ನಕಲಿಯನ್ನು ಎತ್ತಿ ಒಂಬತ್ತನೆಯ ಗುಳಿಯಲ್ಲಿ ಕೂರಿಸಿದಳು. ಹಕ್ಕಿಯ ಮುಖ ಮೇಲಕ್ಕೆ.

"ಗುಳಿ ಖಾಲಿ ಇದ್ದರೆ ಮೇಷ್ಟ್ರಿಗೆ ಬೇಜಾರು," ಅಂದಳು. "ಕೆಳಗಿನ ಚೀಟಿಯಲ್ಲಿ ನಕಲು ಅಂತ ಬರೆಸಿ ಮೇಡಂ. ದಪ್ಪ ಅಕ್ಷರದಲ್ಲಿ."

ಮೇಷ್ಟ್ರು ಮೆಟ್ಟಿಲ ತನಕ ಅವಳ ಹಿಂದೆಯೇ ಬಂದರು. ಕತ್ತಲ ಮೂಲೆಯಲ್ಲಿ ಅವರ ಏದುಸಿರು ಕೇಳಿಸಿತು. "ಒಂದು ಮಾತು ಕಣಮ್ಮ. ನಿನಗೆ ಅವತ್ತೇ ಗೊತ್ತಾಗಿತ್ತು, ಅಲ್ವಾ? ಗಟ್ಟಿಯಾಗಿ ಒಂದು ಸಲ ಕೇಳಿದ್ದರೆ ಕೊಟ್ಟುಬಿಡ್ತಿದ್ದೆ. ದೇವರಾಣೆ ಕೊಟ್ಟುಬಿಡ್ತಿದ್ದೆ."

"ಕೇಳಿದ್ದೆ ಮೇಷ್ಟ್ರೇ," ಅಂದಳು. "ನೀವು ನಕ್ಕಿರಿ."

ಅಷ್ಟು ಹೇಳಿ ಕೆಳಗಿಳಿದಳು. ಬೇಕರಿಯ ಮುಂದೆ ಬ್ರೆಡ್ಡಿಗೆ ನಿಂತವರ ಸಾಲನ್ನು ದಾಟಿ, ಬೀದಿಯ ತಿರುವಿನಲ್ಲಿ ಒಂದು ಗೋಡೆಗೆ ಒರಗಿ ನಿಂತು, ಉಗುರು ಎಳೆದು ನೋಡಿದಳು. ಸಿಕ್ಕಿಕೊಂಡಿತು. ನಾಲ್ಕು ಹೆಜ್ಜೆ ಹೋಗಿ ಮತ್ತೆ ನೋಡಿದಳು. ಸಿಕ್ಕಿಕೊಂಡಿತು. ಬಸ್ಸಿನಲ್ಲಿ ನೋಡಿದಳು, ಇಳಿದು ನೋಡಿದಳು. ಒಂದೊಂದು ಸಲವೂ ಉಗುರು ಸಿಕ್ಕಿಕೊಳ್ಳುವ ತನಕ ಉಸಿರು ಬಿಗಿ ಹಿಡಿಯುತ್ತಿದ್ದಳು. ನಾಣ್ಯ ವಾಪಸ್ಸು ಬಂದಿತ್ತು. ಅದು ಅದೇ ಹೌದು ಎಂದು ಹೇಳಿಸಿಕೊಳ್ಳಲು ಓಡಿಹೋಗುತ್ತಿದ್ದ ಮೇಷ್ಟ್ರ ಮನೆಯ ಬಾಗಿಲು ಮಾತ್ರ ಇನ್ನು ಇರಲಿಲ್ಲ.

ಅಮ್ಮ ಯಂತ್ರದ ಮುಂದೆ ಕೂತಿದ್ದಳು. "ಬೇಗ ಬಂದೆಯಲ್ಲೇ! ಎಲ್ಲ ಬರೆದೆಯಾ? ಮೇಷ್ಟ್ರ ಕೊಕ್ಕರೆ ಹೇಗಿದೆ?"

ಅವಳು ನಾಣ್ಯವನ್ನು ಅಮ್ಮನ ಕೈಗೆ ಕೊಟ್ಟು, ತಿರುಪಿನ ಕಡೆ ಬೆರಳು ತೋರಿಸಿದಳು. ಅಮ್ಮ ಕನ್ನಡಕ ಏರಿಸಿಕೊಂಡು, ನಾಣ್ಯದ ಅಂಚನ್ನು ಸೀಳಿಗೆ ಇಟ್ಟು ತಿರುಗಿಸಿದಳು. ತಿರುಪು ಕಿರ್ ಎಂದು ಬಿಗಿಯಾಯಿತು.

"ಕೂತಿತು ನೋಡು!" ಎಂದು ಅಮ್ಮ ಹಿಗ್ಗಿದಳು. "ತಿರುಪು ಸವೆದಿದೆ ಅಂತಿದ್ದೆಯಲ್ಲ. ತಿರುಪಿಗೆ ಏನಾಗಿತ್ತು?"

"ಏನೂ ಆಗಿರಲಿಲ್ಲ ಅಮ್ಮ," ಅಂದಳು. "ತಿರುಪು ಸರಿಯಾಗೇ ಇತ್ತು."

ದನಿ ಒಡೆದದ್ದು ಕೇಳಿ ಅಮ್ಮ ತಿರುಗಿ ನೋಡುವಷ್ಟರಲ್ಲಿ ಅವಳು ಯಂತ್ರದ ಪಕ್ಕ, ಹಿಂದೆ ಗುಂಡಿ ಪೋಣಿಸುತ್ತಿದ್ದ ಜಾಗದಲ್ಲೇ ನೆಲಕ್ಕೆ ಕೂತು, ಅಮ್ಮನ ಮಂಡಿಗೆ ತಲೆ ಒರಗಿಸಿದ್ದಳು.